ನನ್ನದೆಂದುಕೊಂಡ ಮರೆವು

ಅರವತ್ತೇಳು ದಾಟಿದ ವರ್ಷ ನನಗೆ ಮರೆವು ಶುರುವಾಗಿದೆ ಅನ್ನಿಸತೊಡಗಿತು. ತುರ್ವಿಹಾಳದ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಪಾಠ ಹೇಳಿದವಳು ನಾನು. ಈಗ ಸಿಂಧನೂರಿನ ಬಸ್ ನಿಲ್ದಾಣದಲ್ಲಿ "ನಮಸ್ಕಾರ ರೀ ಟೀಚರ್" ಎಂದು ಕೈಮುಗಿದವಳ ಹೆಸರು ನಾಲಿಗೆ ತುದಿಗೆ ಬಂದು ನಿಂತುಬಿಡುತ್ತಿತ್ತು. ಮನೆಯಲ್ಲಿ ಬೇಳೆಗೆ ಎರಡು ಸಲ ಉಪ್ಪು ಬಿದ್ದಿರುತ್ತಿತ್ತು. ಬೀರುವಿನ ಕೀಲಿ ಅಕ್ಕಿ ಡಬ್ಬಿಯಲ್ಲಿ ಸಿಗುತ್ತಿತ್ತು.

"ವಯಸ್ಸಾತು ಬಿಡು. ಅದಕ್ಕ ಇಷ್ಟ್ಯಾಕ ಅಂಜ್ತಿ?" ಎಂದು ನನ್ನ ಗಂಡ ನಗುತ್ತಿದ್ದರು. ಅವರು ಕಂಡಕ್ಟರ್ ಆಗಿ ನಿವೃತ್ತರಾದವರು. ಲಿಂಗಸುಗೂರಿನವರೆಗಿನ ಒಂದೊಂದು ಸ್ಟಾಪನ್ನೂ ಕಣ್ಣು ಮುಚ್ಚಿ ಹೇಳುತ್ತಿದ್ದರು.

ಕೊನೆಗೆ ನಾನೇ ಹಟ ಹಿಡಿದು ಡಾಕ್ಟರ ಬಳಿ ಹೋದೆ. ಅವರೂ ಜೊತೆಗೆ ಬಂದರು. ಡಾಕ್ಟರು ಬದನೆಕಾಯಿ, ಕುರ್ಚಿ, ಕಾಲುವೆ ಎಂದು ಮೂರು ಪದ ಹೇಳಿ, ಸ್ವಲ್ಪ ಹೊತ್ತು ಬೇರೇನೋ ಮಾತಾಡಿಸಿ, ತಿರುಗಿ ಕೇಳಿದರು. ಮೂರನ್ನೂ ಹೇಳಿದೆ. ಗಡಿಯಾರ ಬರೆಯಿರಿ ಎಂದರು, ಬರೆದೆ.

"ನಂಗೂ ಕೇಳ್ರಿ ಡಾಕ್ಟ್ರ, ಇಕಿಗಿಂತ ಚಲೋ ಹೇಳ್ತೀನಿ," ಎಂದರು ಇವರು, ತಮಾಷೆಗೆ.

ಡಾಕ್ಟರು ನಗುತ್ತಲೇ ಬೇರೆ ಮೂರು ಪದ ಕೊಟ್ಟರು. ತಿರುಗಿ ಕೇಳಿದಾಗ ಒಂದೂ ಬರಲಿಲ್ಲ. "ಯಾವ ಪದ? ನೀವೇನೂ ಹೇಳೇ ಇಲ್ಲಲ್ರೀ," ಎಂದರು ಇವರು. ಅವರು ಬರೆದ ಗಡಿಯಾರದಲ್ಲಿ ಹನ್ನೆರಡೂ ಅಂಕಿ ಬಲಕ್ಕೇ ಒತ್ತಿಕೊಂಡು ನಿಂತಿದ್ದವು, ಎಡಭಾಗ ಖಾಲಿ. ಡಾಕ್ಟರ ನಗು ನಿಂತಿತು.

"ಮನ್ಯಾಗ ಇವರದೇನರ ಫರಕು ಕಂಡೈತೇನ್ರಿ?" ಎಂದು ನನ್ನನ್ನು ಕೇಳಿದರು.

"ಇಲ್ರಿ," ಎಂದೆ. ಅಂದ ಮೇಲೆ ನೆನಪಾಯಿತು: ನಾನು ಬಟ್ಟೆ ಒಣಹಾಕಿ ಒಳಬಂದಾಗಲೆಲ್ಲ ಇವರು ಒಲೆಯ ಮುಂದೆ ನಿಂತಿರುತ್ತಿದ್ದರು, ಕೈಯಲ್ಲಿ ಉಪ್ಪಿನ ಡಬ್ಬಿ. ಒಂದಿಡೀ ವರ್ಷ ನನ್ನ ಮೇಲೇ ಅನುಮಾನಪಟ್ಟುಕೊಂಡು ಪಕ್ಕದಲ್ಲಿದ್ದವರನ್ನು ನೋಡಿರಲೇ ಇಲ್ಲ. ಅವರು ಒಂದು ದಿನವೂ ದೂರು ಹೇಳಿರಲಿಲ್ಲ. ಹೇಳಿಕೊಳ್ಳುವಂಥದ್ದೇನೂ ಅವರಿಗೆ ಕಂಡಿರಲೇ ಇಲ್ಲ.

ಆಟೋದಲ್ಲಿ ನನ್ನ ಕೈ ಹಿಡಿದು, "ಏನಂದ್ರು ನಿನಗ? ಅಂಜಬ್ಯಾಡ, ನಾ ಅದೀನಿ," ಎಂದರು.

"ಇಬ್ರಿಗೂ ಗುಳಿಗಿ ಬರದಾರ," ಎಂದೆ. ನನ್ನ ಚೀಟಿಯಲ್ಲಿ ಏನೂ ಇರಲಿಲ್ಲ.

ಅದಾಗಿ ಎರಡು ವರ್ಷ. ಗುಳಿಗೆಯಿಂದ ಮರೆವು ನಿಧಾನವಾಗಿರಬಹುದು, ನಿಂತಿಲ್ಲ. ಮಸ್ಕಿಯಲ್ಲಿರುವ ಮಗಳು ವಾರಕ್ಕೊಮ್ಮೆ ಬರುತ್ತಾಳೆ. ಒಂದು ದಿನ ಇವರು ಅವಳನ್ನು, ಎಂದೋ ತೀರಿಕೊಂಡ ತಮ್ಮ ತಂಗಿಯ ಹೆಸರು ಹಿಡಿದು ಕೂಗಿದರು.

"ಬಂದೆ ಅಣ್ಣಾ," ಎಂದು ಓಗೊಟ್ಟು ಮಗಳು ನೀರು ತಂದುಕೊಟ್ಟಳು. ಆಮೇಲೆ ಹಿತ್ತಲಿಗೆ ಹೋಗಿ, ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಬಹಳ ಹೊತ್ತು ತೊಳೆದಳು.