ಬೆಳಿಗ್ಗೆ ಪಲ್ಟಿ ಹೊಡೆಯೋ ಕಾರು

ನಂದು ಹಳೇಬೀಡಲ್ಲಿ ಬಟ್ಟೆ ಅಂಗಡಿ ಕಣ್ರೀ. ಬೆರಳಲ್ಲಿ ಹಿಡಿದ್ರೆ ಸಾಕು, ಕಾಟನ್ನಾ ಪಾಲಿಸ್ಟರ್ರಾ ಹೇಳ್ಬಿಡ್ತೀನಿ. ಆದ್ರೆ ಮಗಳು ರಿಮೋಟ್ ಕಾರು ಜೋಡ್ಸೋಕೆ ಶುರು ಮಾಡಿದ್ಮೇಲೆ ನನ್ ತಲೆ ಕೆಟ್ಟೋಯ್ತು. ನೈಲಾನ್ ಅಂದ್ರೆ ನಂಗೆ ಸೀರೆ, ಅವಳಿಗೆ ಗೇರ್ ಚಕ್ರದ ಹಲ್ಲು. ಕಾರ್ಬನ್ ಫೈಬರ್ ಅಂತ ಒಂದು ಕರೀ ಹಲಗೆ ಕೊಟ್ಲು, ರಟ್ಟಿನಷ್ಟು ಹಗುರ, ಬಗ್ಸೋಕೆ ನೋಡ್ದೆ, ಜಪ್ಪಯ್ಯ ಅಂದ್ರೂ ಬಗ್ಗಲ್ಲ. ಮೇಲಿನ ಬಾಡಿ ನೀರಿನ ಬಾಟ್ಲಿ ತರ ತೆಳ್ಳಗೆ. ನೆಲಕ್ಕೆ ಬಡಿದು ತೋರ್ಸಿದ್ಲು, ಒಡೀಲಿಲ್ಲ. ನಂಗಂತೂ ಒಂದೂ ಅರ್ಥ ಆಗ್ಲಿಲ್ಲ.

ಅವಳು ಅರಸೀಕೆರೇಲಿ ಡಿಪ್ಲೊಮಾ ಓದ್ತಾಳೆ. ಕಾಲೇಜಲ್ಲಿ ರಿಮೋಟ್ ಕಾರ್ ರೇಸಿಗೆ ಟೀಮ್ ಕಟ್ತಿದ್ರು. ಟೀಮಲ್ಲಿ ಕಾರು ಓಡ್ಸೋರು ಒಬ್ರೇ. ಆ ರಿಮೋಟು ತನ್ನ ಕೈಗೇ ಬರ್ಬೇಕು ಅಂತ ಇವಳ ಹಠ. ಊಟಕ್ಕೆ ಕೂತ್ರೂ ಅದೇ ಮಾತು.

ಸೆಲೆಕ್ಷನ್ ಹತ್ರ ಬಂದಾಗ ಕಾರಿಗೆ ಏನೋ ಆಯ್ತು. ಬೆಳಿಗ್ಗೆ ಮನೆ ಹಿಂದಿನ ಕಣದಲ್ಲಿ ಬಿಟ್ರೆ, ಸಣ್ಣ ಉಬ್ಬು ಸಿಕ್ರೂ ಮೇಕೆಮರಿ ತರ ನೆಗೆದು ಪಲ್ಟಿ. ಅದೇ ಕಾರು ಮಧ್ಯಾಹ್ನ ಅದೇ ಜಾಗದಲ್ಲಿ ಮೆತ್ತಗೆ ಹೋಗುತ್ತೆ. ಮಗಳು ಟೈರ್ ಬದಲಾಯ್ಸಿದ್ಲು, ಬ್ಯಾಟರಿ ಹಿಂದಕ್ಕೆ ಸರಿಸಿದ್ಲು, ಸ್ಟೇರಿಂಗ್ ತಿರುಗ್ಸೋ ಮೋಟರ್ ಬಿಚ್ಚಿ ಹಾಕಿದ್ಲು. ಮಾರನೇ ಬೆಳಿಗ್ಗೆ ಮತ್ತೆ ಪಲ್ಟಿ. ನನ್ನ ಹೆಂಡ್ತಿ ದೃಷ್ಟಿ ಆಗೈತೆ ಅಂತ ಕಾರಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿದ್ಲು. ಮಧ್ಯಾಹ್ನ ಸರಿಹೋಯ್ತು. ನೋಡಿದ್ರಾ ಅನ್ನೋ ಹಂಗೆ ನನ್ನ ಮುಖ ನೋಡಿದ್ಲು.

ಸೆಲೆಕ್ಷನ್ ದಿನ ಚಳಿಯಲ್ಲಿ ಮೊದಲ್ನೇ ಬಸ್ ಹತ್ತಿದ್ವಿ. ಜಾವಗಲ್ ದಾಟಿದ್ರೂ ಅವಳು ತೊಡೆ ಮೇಲೆ ಕಾರಿಟ್ಕೊಂಡು ಚಕ್ರ ತಿರುಗಿಸಿ ನೋಡ್ತಾನೇ ಇದ್ಲು. ಕಾಲೇಜ್ ಮೈದಾನದಲ್ಲಿ ಮೊದಲ ಉಬ್ಬಿಗೇ ಕಾರು ಅಂಗಾತ ಬಿತ್ತು. ಎತ್ತಿ ಬಿಟ್ಲು, ಮತ್ತೆ ಬಿತ್ತು.

"ಏನೇ, ನಿನ್ ಕಾರು ಸೂರ್ಯ ನಮಸ್ಕಾರ ಮಾಡ್ತೈತಾ?" ಅಂದ ಕ್ಲಾಸಿನ ಹುಡುಗ ಒಬ್ಬ. ಎಲ್ಲಾ ನಕ್ರು.

ಅವಳು ಪಕ್ಕಕ್ಕೆ ಕೂತು ಚಕ್ರದ ಹತ್ರ ಇರೋ ಶಾಕ್ ಅಬ್ಸಾರ್ಬರ್ ಬಿಚ್ಚಿದ್ಲು. ಬೆರಳುದ್ದದ ಅಲ್ಯೂಮಿನಿಯಂ ಕೊಳವೆ, ಹೊರಗೆ ಸ್ಪ್ರಿಂಗು, ಒಳಗೆ ಸಿಲಿಕೋನ್ ಎಣ್ಣೆ. ಉಬ್ಬಿನ ಏಟನ್ನ ಆ ಎಣ್ಣೆನೇ ತಡ್ಕೊಳ್ಳೋದಂತೆ. ಮುಚ್ಚಳ ತಿರುವಿದ್ರೆ ಒಳಗೆ ಬೆಳ್ಳಗೆ, ತುಪ್ಪದ ಹಂಗೆ ಗಟ್ಟಿ. ಮೂಸಿ ನನ್ನ ಕೈಗೆ ಕೊಟ್ಲು. ನಮ್ಮನೆ ಕೊಬ್ಬರಿ ಎಣ್ಣೆ.

ಮನೆಗೆ ಫೋನ್ ಮಾಡಿದ್ಲು. "ಹೌದು ಕಣೇ," ಅಂದ್ಲು ನನ್ನ ಹೆಂಡ್ತಿ, "ಅದರೊಳಗಿನ ಎಣ್ಣೆ ಸೋರಿ ಟೇಬಲ್ಲೆಲ್ಲಾ ಜಿಡ್ಡಾಗಿತ್ತು. ಒಣಗ್ಬಾರ್ದು ಅಂತ ನಾನೇ ತುಂಬ್ಸಿದೆ. ಗಾಣದ್ದು, ಕಲಬೆರಕೆ ಇಲ್ಲ."

ನಮ್ಮನೇಲಿ ಬಾಗ್ಲು ಕಿರ್ ಅಂದ್ರೂ ಅದೇ ಎಣ್ಣೆ, ಬೀಗ ತಿರುಗ್ದೇ ಇದ್ರೂ ಅದೇ. ಚಳಿಗಾಲದಲ್ಲಿ ದಿನಾ ಬಾಟ್ಲಿ ಬಿಸಿಲಿಗಿಟ್ಟು ಕರಗಿಸಿ ತಲೆಗೆ ಹಚ್ಕೊಳ್ಳೋರು ನಾವು. ಆದ್ರೂ ಬೆಳಿಗ್ಗೆ ಎಣ್ಣೆ ಹೆಪ್ಪುಗಟ್ಟಿ ಕಾರು ನೆಗೆಯುತ್ತೆ, ಬಿಸಿಲಿಗೆ ಕರಗಿ ಸರಿಹೋಗುತ್ತೆ ಅಂತ ಒಬ್ರಿಗೂ ಹೊಳೀಲಿಲ್ಲ ನೋಡಿ.

ಮಗಳು ಅಮ್ಮನ್ನ ಬೈತಾಳೆ ಅಂದ್ಕೊಂಡೆ. ಬೈಲಿಲ್ಲ. ಸೆಲೆಕ್ಷನ್ ಮಾಡ್ತಿದ್ದ ಮೇಷ್ಟ್ರ ಹತ್ರ ಹೋಗಿ, ಬಿಸಿಲು ಏರಿದ್ಮೇಲೆ ಇನ್ನೊಂದು ಸಲ ಬಿಡಿ ಅಂತ ಕೇಳ್ಕೊಂಡ್ಲು. ಒಬ್ಬರಿಗೆ ಬಿಟ್ರೆ ಎಲ್ಲರಿಗೂ ಬಿಡ್ಬೇಕಾಗುತ್ತೆ, ಆಗಲ್ಲ ಅಂದ್ರು ಅವರು. ರಿಮೋಟು ಆ ಸೂರ್ಯ ನಮಸ್ಕಾರ ಅಂದ ಹುಡುಗನ ಪಾಲಾಯ್ತು.

ಆದ್ರೆ ಇವಳು ಶಾಕ್ ಬಿಚ್ಚಿದ್ದನ್ನ ಮೇಷ್ಟ್ರು ನೋಡಿದ್ರು. ಟೀಮಿನ ಕಾರು ಬಿಚ್ಚಿ ಜೋಡ್ಸೋ ಕೆಲಸ ನೀನು ಮಾಡು ಅಂದ್ರು. ಇವಳು ಕೈಗೆ ಹತ್ತಿದ್ದ ಎಣ್ಣೆ ಒರೆಸಿಕೊಂಡ್ಲು. ಆಮೇಲೆ,

"ಜೋಡಿಸಿದ್ಮೇಲೆ ಮೊದಲು ಓಡ್ಸಿ ನೋಡೋಳು ನಾನೇ ಸಾರ್. ಸರಿ ಐತೆ ಅಂತ ನಾನು ಹೇಳಿದ್ಮೇಲೇ ಅವನ ಕೈಗೆ ಕೊಡೋದು" ಅಂದ್ಲು.

ಮೇಷ್ಟ್ರು ತಲೆ ಕೆರ್ಕೊಂಡು ಹೂಂ ಅಂದ್ರು.

ಅಷ್ಟರಲ್ಲಿ ನನ್ನ ಫೋನಿಗೆ ಹೆಂಡ್ತಿ. ರಿಮೋಟು ಸಿಕ್ತಾ ಅಂತ ಕೇಳಿದ್ಲು. ಸಿಕ್ತು ಅಂದ್ರೂ ಸುಳ್ಳು, ಸಿಗ್ಲಿಲ್ಲ ಅಂದ್ರೂ ಸುಳ್ಳು. ಮಗಳ ಕಡೆ ನೋಡ್ದೆ, ನಗ್ತಾವ್ಳೋ ಅಳ್ತಾವ್ಳೋ ಅದೂ ತಿಳೀಲಿಲ್ಲ. ನೆಟ್‌ವರ್ಕ್ ಸರಿಯಿಲ್ಲ ಅಂತ ಹೇಳಿ ಕಟ್ ಮಾಡ್ದೆ.