ಮೀಟರಿನ ಮೇಲಿನ ಅಂಗೈ

ಮುಂಬಯಿ ಬಳಿಯ ಶಹಾಡಿನಲ್ಲಿದ್ದ ಆ ಉಡುಪಿ ಮೆಕ್ಯಾನಿಕ್ ಗಾಬರಿಯಾದವರಿಗೆಲ್ಲ ಹೇಳುತ್ತಿದ್ದುದು ಒಂದೇ ಮಾತು: "ಮೀಟರಿನ ಮುಳ್ಳು ನೋಡ್ಬೇಡಿ ಮಾರಾಯ್ರೆ, ರಸ್ತೆ ನೋಡಿ."

ನನ್ನ ಹಳೆಯ ಸ್ಪೋರ್ಟ್ಸ್ ಕಾರಿಗೆ ದೊಡ್ಡ ರೇಡಿಯೇಟರ್, ಎಲೆಕ್ಟ್ರಿಕ್ ಫ್ಯಾನ್ ಕೂರಿಸಿ, ಪರೀಕ್ಷೆಗೆಂದು ಸುಡುಮಧ್ಯಾಹ್ನ ಸ್ಟಿಯರಿಂಗಿಗೆ ನನ್ನನ್ನೇ ಕೂರಿಸಿ ಅಲ್ಲಿನ ಸೇತುವೆಯ ಟ್ರಾಫಿಕ್ಕಿಗೇ ಕರೆದೊಯ್ದರು. ರೇಡಿಯೇಟರಿನ ನೀರು ಇನ್ನೊಮ್ಮೆ ಕುದಿದರೆ ಎಂಜಿನ್ ಮುಗಿದಂತೆ. ಅದರ ಬಿಡಿಭಾಗಗಳು ಈಗ ಎಲ್ಲೂ ಸಿಗುವುದಿಲ್ಲ. ವಾಹನಗಳು ನಿಂತವು. ಎಂಜಿನ್ ಶಾಖ ತೋರಿಸುವ ಮೀಟರಿನ ಮುಳ್ಳು ಕೆಂಪು ಗೆರೆಯತ್ತ ಏರಿತು. ನಾನು ಅದನ್ನೇ ನೋಡುತ್ತಿದ್ದಾಗ, ಪಕ್ಕದಲ್ಲಿ ಕುಳಿತಿದ್ದ ಅವರು ಮೀಟರನ್ನು ಅಂಗೈಯಿಂದ ಮುಚ್ಚಿದರು.

"ಫ್ಯಾನ್ ಬರಲೇ ಇಲ್ಲವಲ್ಲ! ಎಂಜಿನ್ ಆಫ್ ಮಾಡಲೇ?"

"ಬರ್ತದೆ. ಅದಕ್ಕೂ ಒಂದು ಟೈಮ್ ಉಂಟು, ನಿಮ್ಮ ನಾಲ್ಕು ಗಂಟೆ ಚಹಾದ ಹಾಗೆ."

ಕೊನೆಗೂ ಫ್ಯಾನ್ ಗುಂಯ್‌ಗುಟ್ಟಿತು. ಅವರು ಕೈ ತೆಗೆದರು. ಮುಳ್ಳು ಮೆಲ್ಲಗೆ ಇಳಿಯುತ್ತಿತ್ತು. ಮೀಟರಿನ ಗಾಜಿನ ಮೇಲೆ ಅವರ ಅಂಗೈಯ ಬೆವರು ಹಾಗೇ ಉಳಿದಿತ್ತು.