ಎಲುಬು ಕಾಣುವ ಬಂಗಲೆಗೆ ಕಟ್ಟಿದ ತೊಟ್ಟಿಲು

ಮೊಮ್ಮಗಳು ಹುಟ್ಟಿದಳು! ನನ್ನ ಮಗಳ ಚೊಚ್ಚಲ ಕೂಸು, ತಲೆತುಂಬ ಕೂದಲು, ಊರಿಗೆ ಕೇಳುವ ಗಂಟಲು. ಬಂಕಾಪುರದ ದಾರಿಯಲ್ಲಿ ಹೊರಟವರನ್ನೆಲ್ಲ ತಡೆದು ಕೈಗೆ ಬೆಲ್ಲ ಇಟ್ಟೆ, ಗುರುತಿಲ್ಲದವರಿಗೂ ಇಟ್ಟೆ.

ಅವಳು ಹುಟ್ಟಿದ ಮನೆಯ ಮೇಲೆ ಮಾತ್ರ ಯಾರಿಗೂ ನಂಬಿಕೆ ಇರಲಿಲ್ಲ, ನನಗೂ ಇರಲಿಲ್ಲ. ಹತ್ತಿ ವ್ಯಾಪಾರದ ಇಂಗ್ಲಿಷ್ ಸಾಹೇಬನೊಬ್ಬ ತನ್ನ ದೇಶದ ಹಳೆಯ ವಾಡೆಯ ಹಾಗೆ ಕಟ್ಟಿಸಿದ ಬಂಗಲೆ ಅದು. ನಮ್ಮ ಯಜಮಾನರು ಅದರ ಕಾವಲುಗಾರರು. ಯುದ್ಧ ಶುರುವಾದಾಗ ಸಾಹೇಬ ಅಲ್ಲೇ ಇರಿ ಎಂದು ಕೀಲಿ ಕೊಟ್ಟು ಹೋದ. ನಮ್ಮ ಕಡೆ ಕಂಬಗಳು ಮಣ್ಣಿನ ಗೋಡೆಯೊಳಗೆ ಅಡಗಿರುತ್ತವೆ. ಇಲ್ಲಿ ಕಂಬ, ತೊಲೆ, ಓರೆ ಮರಗಳೆಲ್ಲ ಹೊರಗೇ ಕಾಣುತ್ತಿದ್ದವು, ಡಾಂಬರು ಬಳಿದ ಎಲುಬಿನಂತೆ. ನಡುವೆ ಬರೀ ತಟ್ಟಿ, ಮಣ್ಣು, ಸುಣ್ಣ. ಒಂದು ಮೊಳೆಯಿಲ್ಲ, ಎಲ್ಲ ಮರದ ಗೂಟ. ಸಂಜೆಯಾದರೆ ಲಟಲಟ ಸದ್ದು. ಕಂಬಗಳ ತಲೆಯಲ್ಲಿ ಉಳಿಯಿಂದ ಕೊರೆದ ಗೆರೆಗಳು ಬೇರೆ. ಯಾರ ಮಾಟವೋ ಎಂದು ಲಿಂಬೆಹಣ್ಣು ಕಟ್ಟಿದ್ದೆ.

ತೊಟ್ಟಿಲು ಕಟ್ಟುವ ದಿನ ಹಿರೇಕೆರೂರಿನಿಂದ ಮಗಳ ಅತ್ತೆ ಬಂದಳು. ತೊಲೆ ನೋಡಿದಳು, ನನ್ನನ್ನು ನೋಡಿದಳು.

"ಈ ಸುಟ್ಟ ಕಟಗಿಗೆ ನಮ್ಮ ಕೂಸಿನ ತೊಟ್ಲ ಕಟ್ತೀರೇನ್ರಿ? ಬ್ಯಾಡ. ತಾಯಿ-ಮಗಳನ್ನ ಇವತ್ತ ನಮ್ಮೂರಿಗೆ ಕರ್ಕೊಂಡ ಹೋಗ್ತೇನಿ."

ಚೊಚ್ಚಲ ಬಾಣಂತನ ತವರಿನದಲ್ಲವೆ? ತೊಲೆ ಬರೀ ನೆವ ಎಂಬ ಗುಮಾನಿ ನನಗೆ. ತೊಲೆ ಗಟ್ಟಿಯಿದೆಯೇ ನೋಡಿಬಿಡೋಣವೆಂದು ಏಣಿ ಹತ್ತಿ ಗೆರೆಗಳನ್ನು ಮೊದಲ ಸಲ ಹತ್ತಿರದಿಂದ ನೋಡಿದೆ. ಕಂಬದಲ್ಲಿ ಮೂರು ಗೆರೆ, ಅದಕ್ಕೆ ಕೂಡಿದ ತೊಲೆಯಲ್ಲೂ ಮೂರು. ಪಕ್ಕದಲ್ಲಿ ನಾಲ್ಕಕ್ಕೆ ನಾಲ್ಕು. ಕುಬಸ ಹೊಲಿಯುವಾಗ ಎಡತೋಳು ಬಲಕ್ಕೆ ಹೋಗದಿರಲೆಂದು ನಾನೂ ಹೀಗೇ ಗುರುತು ಹಾಕುತ್ತೇನೆ! ನೆಲದ ಮೇಲೆ ಜೋಡಿಸಿ, ಬಿಚ್ಚಿ, ಗುರುತು ಹಿಡಿದು ಎಬ್ಬಿಸಿದ ಮನೆ ಇದು.

"ಇವು ಬಡಿಗ್ಯಾರ ಗುರ್ತರಿ!" ಎಂದು ಮೇಲಿನಿಂದಲೇ ಕೂಗಿದೆ.

"ಗುರ್ತು ಕೂಸಿನ್ನ ಹೊರತೈತೇನು?" ಎಂದಳು ಬೀಗತಿ.

ಯಜಮಾನರು ತೊಲೆಗೆ ಹಗ್ಗ ಹಾಕಿ ಜೋಳದ ಚೀಲ ತೂಗಿಬಿಟ್ಟರು. ತೊಲೆ ಕಿರ್ ಎಂದಿತು.

"ಕೇಳ್ರಿ, ನರಳಾಕತ್ತೈತಿ!" ಎಂದಳು ಬೀಗತಿ.

"ಹಂಗಾರ ನೀವ ಜೋತಬೀಳ್ರಿ ಬೀಗತ್ಯಾರ," ಎಂದರು ಯಜಮಾನರು. "ನಿಮ್ಮನ್ನ ಹೊತ್ತರ ಆನಿನ್ನೂ ಹೊರತೈತಿ."

ಬೀಗತಿ ಸೆರಗು ಸಿಕ್ಕಿಸಿ, ಚೀಲ ಬಿಚ್ಚಿಸಿ, ಹಗ್ಗ ಹಿಡಿದು ಎರಡೂ ಕಾಲೆತ್ತಿ ಜೋತುಬಿದ್ದೇಬಿಟ್ಟಳು! ಬಾಣಂತಿ ಹೊಟ್ಟೆ ಹಿಡಿದು ನಕ್ಕಳು. ತೊಲೆ ಮಿಸುಕಲಿಲ್ಲ.

"ಕಟ್ರಿ ತೊಟ್ಲ. ಬಾಣಂತನ ಇಲ್ಲೇ ಆಗ್ಲಿ," ಎಂದಳು, ಕೆಳಗಿಳಿದು ಏದುಸಿರು ಬಿಡುತ್ತ.

ನಾನು ಲಿಂಬೆಹಣ್ಣು ಬಿಚ್ಚಲಿಲ್ಲ, ಇರಲಿ ಎಂದು. ಸಂಜೆ ಎಲ್ಲರೂ ತೊಟ್ಟಿಲ ಸುತ್ತ ಕುಳಿತು ಗೋಧಿ ಹುಗ್ಗಿ ಉಂಡೆವು. ಬೀಗತಿ ಮತ್ತೆ ಮತ್ತೆ ಹಾಕಿಸಿಕೊಂಡಳು, ಪ್ರತಿ ತುತ್ತಿಗೂ ಒಮ್ಮೆ ತೊಲೆಯ ಕಡೆ ನೋಡುತ್ತ.